ಹದಿನಾಲ್ಕನೇ ಹಾಸಿಗೆ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವನನ್ನು ಎಲ್ಲರೂ ಮಿಂಚಣ್ಣ ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆಯೆಂದು ಅವನು ತಿಳಿದಿದ್ದ. ತಿದ್ದಲು ಯಾರಿಗೂ ಪುರುಸೊತ್ತಿರಲಿಲ್ಲ.

ರೋಗಿಗಳನ್ನು ಸೇರಿಸಿಕೊಳ್ಳುವ ಕೌಂಟರುಗಳು ಎರಡು. ಒಂದರಲ್ಲಿ ಗುಮಾಸ್ತ ಹಾಸಿಗೆ ಆರಿಸುತ್ತಿದ್ದರೆ, ಅವನ ಕೆಲಸ ಮುಗಿಯುವ ತನಕ ಡೇಟಾಬೇಸ್ ಹಾಸಿಗೆಗಳ ಪಟ್ಟಿಗೆ ಬೀಗ ಹಾಕಿಡುತ್ತಿತ್ತು. ಇನ್ನೊಂದು ಕೌಂಟರಿನ ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂದು ಬರುತ್ತಿತ್ತು. ಆ ಸಾಲು ಮಿಂಚಣ್ಣನಿಗೆ ಕಂಡರಾಗುತ್ತಿರಲಿಲ್ಲ.

ಬೀಗವನ್ನೇ ಕಿತ್ತುಹಾಕುವ ಯೋಜನೆಯೊಂದನ್ನು ಆರು ಪುಟ ಬರೆದು, ವಿಭಾಗಕ್ಕೆಲ್ಲ ಹಿರಿಯಳಾದ ದೊಡ್ಡಕ್ಕನ ಮೇಜಿನ ಮೇಲಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅದಕ್ಕೆ ‘ಮುಕ್ತ ಬರಹ’ ಎಂದು ಹೆಸರೂ ಇಟ್ಟಿದ್ದ.

“ಬೀಗ ಯಾಕೆ ಇಟ್ಟಿದ್ದಾರೆ ಅಂತ ಓದಿದ್ದೀಯಾ?” ದೊಡ್ಡಕ್ಕ ಕೇಳಿದಳು.

“ಹಳೇದನ್ನ ಓದಿದ್ರೆ ತಲೆ ಹಳೇ ದಾರೀಲೇ ಓಡುತ್ತೆ ಅಕ್ಕ. ಅದಕ್ಕೇ ಓದಿಲ್ಲ.”

“ಇಬ್ಬರು ಒಂದೇ ಸಲ ಒಂದೇ ಹಾಸಿಗೆ ಒತ್ತಿದ್ರೆ?”

“ನೂರು ವರ್ಷಕ್ಕೊಂದು ಸಲ ಆಗಬಹುದು, ಅಷ್ಟೆ.”

“ಡೇಟಾಬೇಸ್ ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯಾನೇ ಇದೆ ಕಣೋ. ನೀನು ಹುಟ್ಟೋ ಮುಂಚೆಯೇ ಜನ ಈ ಗುಂಡಿಗೆ ಬಿದ್ದು, ಎದ್ದು, ಬರೆದಿಟ್ಟಿದ್ದಾರೆ. ಓದ್ಕೊಂಡು ಬಾ. ಆಮೇಲೂ ಬೇಡ ಅನ್ನಿಸಿದ್ರೆ ನಾನೇ ಕಿತ್ತು ಹಾಕ್ತೀನಿ.”

ಮಿಂಚಣ್ಣ ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನೇರವಾಗಿ ಆಡಳಿತಾಧಿಕಾರಿಯ ಬಳಿ ಹೋದ. ಅವರು ಮೊದಲ ಪುಟ ಮತ್ತು ಕೊನೆಯ ಪುಟ ಓದಿ ಸಹಿ ಹಾಕಿದರು. ದೊಡ್ಡವರಿಗೆ ನಡುವಿನ ಪುಟಗಳು ಎಲ್ಲಿ ಬೇಕು? ಬೀಗ ಹೋಯಿತು, ಕೌಂಟರಿನ ಮುಂದಿನ ಸಾಲು ನಿಜವಾಗಿಯೂ ಕರಗಿತು. ಮಿಂಚಣ್ಣನಿಗೆ ಆಕಾಶಕ್ಕೆ ಮೂರೇ ಗೇಣು.

ಅವನ ನೂರು ವರ್ಷ ಹನ್ನೊಂದು ದಿನಕ್ಕೆ ಮುಗಿಯಿತು.

ಆ ಬೆಳಿಗ್ಗೆ ಅವನ ಅತ್ತೆ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದಿದ್ದರು. ಎರಡು ತಿಂಗಳಿಂದ ನೋವು ತಿಂದು, ಈ ದಿನಕ್ಕಾಗಿ ಬೆರಳು ಮಡಿಚಿ ಎಣಿಸಿದ್ದರು. ಅಳಿಯನ ಆಸ್ಪತ್ರೆ ಎಂಬ ಧೈರ್ಯ ಬೇರೆ. ಖಾಲಿ ಇದ್ದುದು ಹದಿನಾಲ್ಕನೇ ಹಾಸಿಗೆ ಒಂದೇ. ಮೊದಲ ಕೌಂಟರಿನಲ್ಲಿ ಅವರಿಗೆ ಅದರ ಚೀಟಿ ಸಿಕ್ಕಿತು. ಅದೇ ಹೊತ್ತಿಗೆ ಎರಡನೇ ಕೌಂಟರಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೂ ಹದಿನಾಲ್ಕರ ಚೀಟಿಯೇ ಸಿಕ್ಕಿತು. ಅವರ ಹೆಸರು ಕಣ್ಣು ಮಿಟುಕಿಸುವಷ್ಟು ತಡವಾಗಿ ಬಂದು, ಅತ್ತೆಯ ಹೆಸರನ್ನು ಅಳಿಸಿ ಆ ಜಾಗದಲ್ಲಿ ಕೂತಿತು. ಶಸ್ತ್ರಚಿಕಿತ್ಸೆಯ ಪಟ್ಟಿ ತಯಾರಾಗುವುದು ಆ ದಾಖಲೆಯಿಂದಲೇ.

ಮಿಂಚಣ್ಣ ಏದುಸಿರು ಬಿಡುತ್ತ ವಾರ್ಡಿಗೆ ಬರುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಗೆ ಇಂಜೆಕ್ಷನ್ ಕೊಟ್ಟು ಒಳಗೆ ಕರೆದೊಯ್ದಾಗಿತ್ತು. ಅತ್ತೆ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಟಿ ಹಿಡಿದು ಕೂತಿದ್ದರು.

“ನೀವು ಬಂದೇ ಇಲ್ಲ ಅಂತ ಕಂಪ್ಯೂಟರ್ ಹೇಳ್ತಿದೆ ಅಮ್ಮ,” ಎಂದಳು ನರ್ಸ್, ಮೂರನೇ ಸಲ.

“ಹಾಗಾದ್ರೆ ನಿನ್ನೆಯಿಂದ ಉಪವಾಸ ಇದ್ದು ಇಲ್ಲಿ ಕೂತಿರೋದು ಯಾರಮ್ಮ?”

ನರ್ಸ್ ಮತ್ತೊಮ್ಮೆ ಪರದೆ ನೋಡಿದಳು. ಮುಂದಿನ ಸರದಿ ಒಂಬತ್ತು ದಿನದ ನಂತರ ಎಂದಷ್ಟೇ ಹೇಳಿ ಹೋದಳು.

“ಅಳಿಯಂದ್ರೇ, ಹೀಗಾಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ವಾ?”

ಇರಲಿಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೋವಿಗೆ ಬಿಳಿಚಿದ್ದ ಆ ಮುಖ ನೋಡಿ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

“ಗೊತ್ತಿತ್ತು ಅತ್ತೆ. ಪುಸ್ತಕದಲ್ಲೇ ಇತ್ತು. ನಾನು ಓದಿರಲಿಲ್ಲ.”

ಅತ್ತೆ ಕೈಯಲ್ಲಿದ್ದ ಚೀಟಿಯನ್ನು ಮಡಿಚಿದರು.

“ಎಷ್ಟು ಪುಟ?”

“ಅದೂ ನೋಡಿಲ್ಲ.”

“ಸರಿ, ಒಂಬತ್ತು ದಿನ ಇದೆಯಲ್ಲ,” ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ಎದ್ದರು. “ನಂಗಂತೂ ನೋವಿಗೆ ನಿದ್ದೆ ಬರಲ್ಲ. ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ, ನಾನೂ ಕೇಳ್ತೀನಿ.”