ಪುಸ್ತಕದಮ್ಮನ ಹೆಸರು

ಹೆಸರು ಹಿಡಿದು ಯಾರಾದರೂ ಕರೆದರೆ ಅವರು ತಟ್ಟನೆ ತಿರುಗುತ್ತಿರಲಿಲ್ಲ. ಹೆಜ್ಜೆಯನ್ನು ಅಲ್ಲೇ ನಿಲ್ಲಿಸಿ, ಕತ್ತನ್ನು ತುಸು ಓರೆ ಮಾಡಿ, ಕರೆದದ್ದು ತಮ್ಮನ್ನೋ ಇನ್ನೊಬ್ಬರನ್ನೋ ಎಂದು ಎರಡನೆಯ ಕೂಗಿನವರೆಗೂ ಕಾಯುತ್ತಿದ್ದರು. ಅಪರಿಚಿತರಿಗೆ ಇದು ಗರ್ವದಂತೆ ತೋರುತ್ತಿತ್ತು. ಕಿವಿ ಮಂದವೆಂದು ಮರುಗಿದವರೂ ಉಂಟು. ನಿಜ ಸಂಗತಿಯೆಂದರೆ, ಅದೇ ಹೆಸರಿನ ಲೇಖಕಿಯರು ನಮ್ಮ ಊರಿನಲ್ಲಿ ಮೂವರಿದ್ದರು. ಒಬ್ಬರು ಮಕ್ಕಳ ಕಥೆಗಳನ್ನು ಬರೆದು ಎಂದೋ ತೀರಿಕೊಂಡಿದ್ದರು. ಇನ್ನೊಬ್ಬರು ಸಂಜೆಯಾದರೆ ಮನೆಮನೆಯನ್ನೂ ಅಳಿಸುತ್ತಿದ್ದ ಟೀವಿ ಧಾರಾವಾಹಿಗಳ ಕರ್ತೃ. ಮೂರನೆಯವರು ಇವರು, ಐದು ಕಾದಂಬರಿಗಳನ್ನು ಬರೆದು ಬೆರಳೆಣಿಕೆಯ ಓದುಗರನ್ನು ಸಂಪಾದಿಸಿದವರು. ಇವರ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶನದಲ್ಲಿ ನಾನು ಸಂಪಾದಕನಾಗಿದ್ದೆ. ಗೊಂದಲ ಬೇಡವೆಂದು ನಾವು ಕಚೇರಿಯಲ್ಲಿ ಇವರನ್ನು ಪುಸ್ತಕದಮ್ಮ ಎಂದೂ ಧಾರಾವಾಹಿಯವರನ್ನು ಸೀರಿಯಲ್ಲಮ್ಮ ಎಂದೂ ಕರೆಯುತ್ತಿದ್ದೆವು.

ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಪುಸ್ತಕದಮ್ಮನದು ಎಲ್ಲೂ ನಿಲ್ಲದ, ಆದರೆ ಎಂದೂ ಅವಸರವಿಲ್ಲದ ನಡಿಗೆ. ಬೇಸಿಗೆಯಲ್ಲೂ ಬಿಡದೆ ತೊಡುತ್ತಿದ್ದ ಕಂದು ಕೋಟಿನ ಎರಡು ಜೇಬುಗಳೂ ಪುಸ್ತಕಗಳ ಭಾರಕ್ಕೆ ಜೋತು ಬಿದ್ದಿದ್ದವು. ಮಾತು ಮಿತ, ಅದರಲ್ಲೂ ಪದೇ ಪದೇ ಬರುತ್ತಿದ್ದದ್ದು ಒಂದೇ: “ಅದು ನಾನಲ್ಲ.” ಬಸ್ಸಿನಲ್ಲಿ ಕೈಹಿಡಿದು, ‘ಆ ಸೊಸೆಗೆ ಒಳ್ಳೇದಾಗೋ ಹಾಗೆ ಬರೀರಮ್ಮಾ’ ಎಂದು ಕಣ್ಣೀರಿಟ್ಟ ಹೆಂಗಸಿಗೂ ಅದೇ ಉತ್ತರ. ಯಾವುದೋ ಸಂಘದವರು ತಪ್ಪು ವಿಳಾಸಕ್ಕೆ ಕಳಿಸಿದ ಸನ್ಮಾನ ಫಲಕವನ್ನು ತಾವೇ ಹೊತ್ತುಕೊಂಡು ಹೋಗಿ ಹಿಂದಿರುಗಿಸಿ ಬಂದರು. ಹೆಸರಿನ ಹಿಂದೆ ಒಂದು ಇನಿಷಿಯಲ್ ಆದರೂ ಸೇರಿಸಿ ಎಂದು ನಮ್ಮ ಯಜಮಾನರು ಗೋಗರೆದಾಗ, “ಹೆಸರಿಟ್ಟಿದ್ದು ನಮ್ಮಮ್ಮ. ಅದಕ್ಕೆ ಬಾಲ ಅಂಟಿಸೋದಕ್ಕೆ ನಾನ್ಯಾರು?” ಎಂದು ಎದ್ದು ಹೋದರು.

ಆ ಅಮ್ಮ ಬಟ್ಟೆ ಗಿರಣಿಯಲ್ಲಿ ದುಡಿದು, ಗಂಡನಿಲ್ಲದ ಸಂಸಾರವನ್ನು ದಡ ಮುಟ್ಟಿಸಿದವರು, ಅಕ್ಷರ ಕಲಿತವರಲ್ಲ. ಮಗಳ ಪುಸ್ತಕ ಬಂದಾಗಲೆಲ್ಲ ಅದನ್ನು ಸೆರಗಿನಿಂದ ಒರೆಸಿ, ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಿದ್ದರು. ಮುಪ್ಪಿನಲ್ಲಿ ಕಣ್ಣೂ ಮಂಜಾಗಿ, ಕಾಲೂ ಸೋತು ಮಗಳ ಮನೆ ಸೇರಿದ ಮೇಲೆ ಅವರಿಗೆ ಟೀವಿಯ ದನಿಯೇ ಹೊತ್ತು ಕಳೆಯುವ ಆಸರೆಯಾಯಿತು. ಒಂದು ಸಂಜೆ, ಪಕ್ಕದ ಮನೆಯಾಕೆ ಪರದೆಯ ಮೇಲೆ ಮೂಡಿದ ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಮುದುಕಿ ಮಗಳ ಕೈಯನ್ನು ತಡವರಿಸಿ ಹಿಡಿದರಂತೆ. “ನೀನು ಇಷ್ಟು ಚೆನ್ನಾಗಿ ಬರೀತೀಯ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ. ಒಂದು ಮಾತೂ ಹೇಳಲಿಲ್ಲವಲ್ಲ!”

ಜಗತ್ತಿಗೆಲ್ಲ ನಿರ್ದಾಕ್ಷಿಣ್ಯವಾಗಿ ಹೇಳುತ್ತಿದ್ದ ಆ ಎರಡು ಪದಗಳನ್ನು ಅಮ್ಮನಿಗೆ ಹೇಳಲು ಪುಸ್ತಕದಮ್ಮನಿಂದ ಆಗಲಿಲ್ಲ. ವಾರಗಟ್ಟಲೆ ಅವರು ಅಮ್ಮನ ಪಕ್ಕದಲ್ಲಿ ಕೂತು, ತಮ್ಮದಲ್ಲದ ಕಥೆಗೆ ಬಂದ ಮೆಚ್ಚುಗೆಯನ್ನು ತಲೆ ತಗ್ಗಿಸಿ ಕೇಳಿದರು. ಕೊನೆಗೊಮ್ಮೆ ಅಮ್ಮ, “ಆ ದೊಡ್ಡ ಸೊಸೇನ ಸಾಯಿಸಬೇಡ್ವೇ, ನನ್ನಾಣೆ” ಎಂದು ಅಂಗಲಾಚಿದಾಗ, ಹುಟ್ಟಿದಾಗಿನಿಂದ ಯಾರ ಬಳಿಯೂ ಕೈಚಾಚದವರು ಸೀರಿಯಲ್ಲಮ್ಮನ ಮನೆ ಬಾಗಿಲು ತಟ್ಟಿದರು.

ಜೊತೆಗೆ ನಾನೂ ಹೋಗಿದ್ದೆ. ಸೀರಿಯಲ್ಲಮ್ಮ ಧಾರಾಳ ನಗೆಯ, ಧಾರಾಳ ಮೈಕಟ್ಟಿನ ಹೆಂಗಸು. “ನಿಮ್ಮ ಕಾದಂಬರಿ ಹೊಗಳೋರು ನನಗೂ ಸಿಗ್ತಾರೆ ಮೇಡಂ. ಥ್ಯಾಂಕ್ಸ್ ಹೇಳಿ ಕಳಿಸಿಬಿಡ್ತೀನಿ!” ಎಂದು ಬರಮಾಡಿಕೊಂಡವರು, ವಿಷಯ ತಿಳಿದ ಮೇಲೆ ಗಂಭೀರರಾದರು. ಆ ಸಾವಿನ ಚಿತ್ರೀಕರಣ ಆಗಲೇ ಮುಗಿದಿತ್ತು. “ನನ್ನ ಕೈಲಿ ಏನೂ ಇಲ್ಲ. ಚಾನೆಲ್‌ನೋರು ಸಾಯಿಸು ಅಂದ್ರೆ ಸಾಯಿಸಬೇಕು. ಮೇಡಂ, ಆ ಸೊಸೆ ಸಾಯೋದಕ್ಕೆ ಮುಂಚೆ ಅಮ್ಮನಿಗೆ ನಿಜ ಹೇಳಿಬಿಡಿ. ಕೊಂದ ಪಾಪ ಬೇಕಾದ್ರೆ ನನಗೇ ಇರಲಿ.”

ಪುಸ್ತಕದಮ್ಮ ಮನೆಗೆ ಹೋಗಿ ಹೇಳಿದರು. ಮುದುಕಿ ಎರಡು ದಿನ ಟೀವಿ ಹಾಕಿಸಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ನಿಂದು ಯಾವುದು? ಓದು.”

ಇದಕ್ಕೆ ಪುಸ್ತಕದಮ್ಮ ಸಿದ್ಧರಿರಲಿಲ್ಲ. ಮೊದಲ ಕಾದಂಬರಿಯ ನಡುವೆ, ಅದನ್ನು ಓದಿದವರಾರೂ ಮರೆಯಲಾಗದ ಅಧ್ಯಾಯವೊಂದಿದೆ: ಒಬ್ಬಳನ್ನಷ್ಟೇ ಓದಿಸಲು ಶಕ್ತಳಾದ ತಾಯಿ, ಹಿರಿಯ ಮಗಳ ಹೆಗಲಿಂದ ಶಾಲೆಯ ಚೀಲವನ್ನು ಕಿತ್ತು ಕಿರಿಯವಳಿಗೆ ಕೊಟ್ಟು, ಹಿರಿಯವಳನ್ನು ಗಿರಣಿಗೆ ಅಟ್ಟುತ್ತಾಳೆ. ಅಮ್ಮನಿಗೆ ಓದು ಬಾರದೆಂಬ ಧೈರ್ಯದಲ್ಲೇ ಅದನ್ನು ಹಾಗೆ ಬರೆಯಲಾದದ್ದು ಎಂದು ಅವರೇ ನನಗೊಮ್ಮೆ ಹೇಳಿದ್ದರು.

ಆ ಕಾದಂಬರಿಯ ಮರುಮುದ್ರಣದ ಪ್ರೂಫ್ ಕೊಡಲು ನಾನು ಹೋದ ಮಧ್ಯಾಹ್ನ ಓದು ಅದೇ ಅಧ್ಯಾಯಕ್ಕೆ ಬಂದಿತ್ತು. ಕಿಟಕಿಯ ಬಿಸಿಲು ಮುದುಕಿಯ ಮೊಣಕಾಲ ಮೇಲಿತ್ತು. ಹಾಳೆ ಹಾರಿಸಿದರೆ ಮುದುಕಿಗೆ ತಿಳಿಯುತ್ತಿರಲಿಲ್ಲ. ಮಗಳು ಹಾರಿಸುತ್ತಾರೆಂದೇ ನಾನು ಎಣಿಸಿದ್ದೆ. ಅವರು ಹಾರಿಸಲಿಲ್ಲ. ‘ಅವಳ ಮುಖ ಕಲ್ಲಾಗಿತ್ತು’ ಎಂಬ ವಾಕ್ಯದವರೆಗೂ ಒಂದೇ ದನಿಯಲ್ಲಿ ಓದಿ ನಿಲ್ಲಿಸಿದರು.

ಮುದುಕಿ ಹೇಳಿದರು, “ಸರಿಯಾಗೇ ಬರ್ದಿದ್ದೀಯ. ಕಲ್ಲು ಮಾಡ್ಕೊಂಡೇ ನಿಂತಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ, ಬಾಯಿಗೆ ಸೆರಗು ತುರುಕ್ಕೊಂಡು ಅತ್ನಲ್ಲ, ಅದನ್ನ ಯಾಕೆ ಬರೀಲಿಲ್ಲ?”

“ನಂಗೆ ಗೊತ್ತಿರಲಿಲ್ಲಮ್ಮ.”

“ಹೇಗೆ ಗೊತ್ತಾಗತ್ತೆ? ನೀನು ಶಾಲೆಗೆ ಹೋಗಿದ್ದೆಯಲ್ಲ.”

ಆ ಮಾತಿನಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಅದಕ್ಕೇ ಅದನ್ನು ಕೇಳುವುದು ಕಷ್ಟವಾಯಿತು. ಮಗಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಅಮ್ಮನ ಪಾದ ಒತ್ತತೊಡಗಿದರು. “ಮುಂದೆ ಓದು. ಚೆನ್ನಾಗಿದೆ” ಎಂದರು ಮುದುಕಿ.

ಚಳಿಗಾಲಕ್ಕೆ ಮುನ್ನವೇ ಆ ತಾಯಿ ಹೋದರು. ಪತ್ರಿಕೆಯೊಂದು ‘ಧಾರಾವಾಹಿ ಲೇಖಕಿಗೆ ಮಾತೃವಿಯೋಗ’ ಎಂದು ಪ್ರಕಟಿಸಿ ಸೀರಿಯಲ್ಲಮ್ಮನ ಭಾವಚಿತ್ರ ಹಾಕಿತು. ಆಕೆ ಸಂಜೆ ಬಂದು, ಪುಸ್ತಕದಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತರು. “ಬೆಳಗ್ಗೆಯಿಂದ ಫೋನೋ ಫೋನು. ನಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ ಅಂತ ಯಾರಿಗೂ ಹೇಳಲಿಲ್ಲ ಮೇಡಂ. ಬಂದ ಸಮಾಧಾನನೆಲ್ಲ ನಿಮಗೋಸ್ಕರ ಇಸ್ಕೊಂಡೆ.” ಪುಸ್ತಕದಮ್ಮ ಅವರ ಹೆಗಲಿಗೆ ತಲೆಯಾನಿಸಿ ಅತ್ತದ್ದನ್ನು ನಾನು ಕಂಡೆ.

ಮರುಮುದ್ರಣದಲ್ಲಿ ಆ ಅಧ್ಯಾಯವನ್ನು ತಿದ್ದುವಿರಾ ಎಂದು ನಾನು ಮೆಲ್ಲಗೆ ಕೇಳಿದಾಗ ಅವರು ಬೇಡವೆಂದರು. “ಅವತ್ತು ನನಗೆ ಕಂಡಿದ್ದು ಅಷ್ಟೇ. ಕಾಣದ್ದನ್ನ ಕಂಡ ಹಾಗೆ ಸೇರಿಸಿದ್ರೆ ಅದೂ ಸುಳ್ಳಾಗತ್ತೆ. ಬೇರೆಯಾಗಿ ಬರೀತೀನಿ.” ಬರೆದರು. ಆರನೆಯ ಕಾದಂಬರಿ ಶುರುವಾಗುವುದೇ ಬಾಗಿಲು ಮುಚ್ಚಿದ ಒಂದು ಅಡುಗೆಮನೆಯಲ್ಲಿ. ಅವರ ಪುಸ್ತಕಗಳಲ್ಲೆಲ್ಲ ಹೆಚ್ಚು ಓದಿಸಿಕೊಂಡದ್ದು ಅದೇ.

ಪರರ ಪ್ರಶಂಸೆಯನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುವವರನ್ನು ಲೋಕ ಒಣ ಜನವೆಂದು, ಬಿಗುಮಾನದವರೆಂದು ದೂರವಿಡುತ್ತದೆ. ಅವರ ಮನೆಯೊಳಗೆ ಹೊಕ್ಕು ನೋಡಿದವರಿಗಷ್ಟೇ ತಿಳಿಯುವುದು, ಆ ಕಾಠಿಣ್ಯದ ಬಹುಪಾಲನ್ನು ಅವರು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡಿರುತ್ತಾರೆಂಬುದು. ಅಂಥವರು ಆಡಿದ್ದನ್ನು ಅಳಿಸುವುದಿಲ್ಲ, ಅದರ ಹಿಂದೆ ಅವಿತುಕೊಳ್ಳುವುದೂ ಇಲ್ಲ. ಅರ್ಧವೇ ಕಂಡಿತ್ತೆಂದು ತಿಳಿದ ದಿನ, ಎಷ್ಟು ವಯಸ್ಸಾಗಿದ್ದರೂ, ಉಳಿದರ್ಧವನ್ನು ಕಾಣಲು ಮತ್ತೆ ಮೊದಲಿನಿಂದ ಕೂರುತ್ತಾರೆ.