ಹಗ್ಗದಾಚೆ ಬಿದ್ದ ಟೋಪಿ

ಕಡಲ ಹಕ್ಕಿಧಾಮದ ಹಳೆಯ ದೀಪಸ್ತಂಭ ನೋಡಲು ಹೋದವರೆಲ್ಲ ದಾರಿಬದಿಯ ಹಗ್ಗವನ್ನು ಬೈದುಕೊಂಡೇ ನಡೆಯುತ್ತಾರೆ. ದರ್ಜಿ ಅಕ್ಕನೂ ಬೈದಳು.

"ಬರೀ ಕಲ್ಲಿನ ದಿಣ್ಣೆ. ಇದಕ್ಕೊಂದು ಕಾವಲು ಬೇರೆ."

ಬಂದವರಿಗೆ ಅಲ್ಲಿ ದಾರಿ ತೋರಿಸುವುದು ಅವಳ ನಾದಿನಿಯ ಕೆಲಸ. "ಅತ್ತಿಗೆ, ಅದು ಹಕ್ಕಿಗಳ ಬಾಣಂತಿ ಕೋಣೆ. ಹಗ್ಗ ದಾಟಬೇಡಿ," ಎಂದಳು.

"ಗೂಡೇ ಕಾಣಲ್ಲ. ಬಾಣಂತನ ಯಾರು ಮಾಡೋದು, ನೀನಾ?"

ಗಾಳಿ ಬೀಸಿತು. ಅಕ್ಕನ ಜೊತೆ ಬಂದಿದ್ದ ಮಗಳ ಟೋಪಿ ಹಾರಿ ಹಗ್ಗದಾಚೆ ಬಿತ್ತು. ಅಕ್ಕ ಮೊನ್ನೆಯಷ್ಟೇ ಹೊಲಿದದ್ದು. ನಾದಿನಿ ತಿರುಗಿ ನೋಡುವಷ್ಟರಲ್ಲಿ ಅಕ್ಕ ಹಗ್ಗ ದಾಟಿ ದಡದಡ ನಡೆದಿದ್ದಳು.

ದಿಣ್ಣೆಯ ಕಲ್ಲುಗಳೇ ಒಮ್ಮೆಗೆ ಎದ್ದು ಹಾರಿದಂತಾಯಿತು. ಹಕ್ಕಿಗಳು. ಕಿರುಚುತ್ತ ತಲೆಯ ಮೇಲೇ ಎರಗಿದವು. ಒಂದರ ಕೊಕ್ಕು ನೆತ್ತಿಗೆ ತಾಗಿತು. ಓಡಲು ಕಾಲೆತ್ತಿದಳು.

"ಅತ್ತಿಗೆ, ಕಾಲು ಊರಬೇಡಿ. ಮೊದಲು ಕೆಳಗೆ ನೋಡಿ."

ನೋಡಿದಳು. ಎತ್ತಿದ ಪಾದದಡಿಯಲ್ಲಿ ಕಲ್ಲಿನದೇ ಬಣ್ಣದ ಎರಡು ಮೊಟ್ಟೆ. ಪಕ್ಕದಲ್ಲಿ ಇನ್ನೆರಡು. ಹಿಂದೆಯೂ. ಬರುವಾಗ ಏನೇನು ತುಳಿದೆನೋ! ಒಂಟಿ ಕಾಲಲ್ಲಿ ನಿಂತವಳು ಅತ್ತಿತ್ತ ವಾಲಿದಳು.

"ನಂಗಾಗಲ್ಲ ಕಣೇ. ಬಿದ್ದುಬಿಡ್ತೀನಿ."

"ಬೀಳಲ್ಲ. ಮೆಲ್ಲಗೆ ಪಾದ ಹಿಂದಕ್ಕೆ ತನ್ನಿ. ಇನ್ನೂ ಸ್ವಲ್ಪ. ಹಾಂ, ಇಡಿ. ಈಗ ಎಡಗಾಲು. ತಾಯಿ ಎದ್ದುಹೋದ್ರೆ ಮೊಟ್ಟೆ ಬಿಸಿಲಲ್ಲಿ ಬೆಂದುಹೋಗುತ್ತೆ, ಬೇಗ ಬನ್ನಿ."

"ಮೆಲ್ಲಗೆ ಅಂತೀಯ, ಬೇಗ ಅಂತೀಯ. ಯಾವುದು ಮಾಡ್ಲಿ?" ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ದೀಪಸ್ತಂಭದ ಕಂಬಿಯಿಂದ ದೊಡ್ಡ ಕಡಲಕಾಗೆಯೊಂದು ಇಳಿಯಿತು. ಅವಳ ಕಣ್ಣೆದುರೇ ಕಲ್ಲುಗಳ ನಡುವಿನ ಗುಳಿಯಲ್ಲಿ ಒಂಟಿಯಾಗಿದ್ದ ಮೊಟ್ಟೆ ಕಚ್ಚಿಕೊಂಡು ಹಾರಿತು. ಓಡಿಸೋಣವೆಂದರೆ ಒಂದು ಹೆಜ್ಜೆ ಮುಂದಿಡುವ ಹಾಗಿಲ್ಲ.

ಅಂತೂ ಈಚೆ ಬಂದಾಗ ಮಗಳು ಸೊಂಟ ತಬ್ಬಿದಳು. "ನಂಗೆ ಟೋಪಿ ಬೇಡಮ್ಮ."

ಹಕ್ಕಿಗಳು ಒಂದೊಂದಾಗಿ ಇಳಿದು ಕೂತವು. ಒಂದು ಮಾತ್ರ ಬರಿದಾದ ಗುಳಿಯ ಸುತ್ತ ನಡೆಯುತ್ತಲೇ ಇತ್ತು.

ಹಿಂದಿನಿಂದ ಬಂದವನೊಬ್ಬ ಫೋಟೊ ತೆಗೆಯಲೆಂದು ಹಗ್ಗದ ಮೇಲೆ ಕಾಲು ಹಾಕಿದ. ನಾದಿನಿ ಬಾಯಿ ತೆರೆಯುವ ಮೊದಲೇ ಅಕ್ಕ ಅವನ ತೋಳು ಹಿಡಿದಳು.

"ಬೇಡ ಅಣ್ಣಾ. ಅವು ಕಲ್ಲಲ್ಲ."

ಅಕ್ಕಂದಿರೇ, ಅಣ್ಣಂದಿರೇ, ದೀಪಸ್ತಂಭ ನೋಡಲು ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ಆದರೆ ದಾರಿ ಬಿಟ್ಟು ಇಳಿಯಬೇಡಿ. ನಾಯಿಯನ್ನು ಮನೆಯಲ್ಲೇ ಬಿಡಿ. ಏನಾದರೂ ಆಚೆ ಬಿದ್ದರೆ ಅಲ್ಲಿನ ಕೆಲಸದವರಿಗೆ ಹೇಳಿ, ನೀವೇ ಹೋಗಬೇಡಿ. ಗೂಡು ಕಾಣುತ್ತಿಲ್ಲವೆಂದರೆ ಇಲ್ಲವೆಂದಲ್ಲ. ನಿಮ್ಮ ಮುಂದಿನ ಹೆಜ್ಜೆ ಬೀಳುವ ಕಡೆಯೇ ಇರಬಹುದು.