ಬ್ರಿಟನ್ನಿನ ನಾಯಕರಿಗೆ ರೊಸಲಿನ್ ಕೊಟ್ಟ ಅಂಕ

ದುಬೈಯ ದೇರಾ ಭಾಗದ ಅಲ್ ಮುರಕ್ಕಬಾತ್‌ನ ಹಳೆಯ ಕಟ್ಟಡವೊಂದರ ನಾಲ್ಕನೇ ಮಾಳಿಗೆಯಲ್ಲಿ ಕುಳಿತು, ಬ್ರಿಟನ್ನಿನ ನಾಯಕರ ಯೋಗ್ಯತೆ ಎಷ್ಟೆಂದು ಬ್ರಿಟಿಷರನ್ನೇ ಕೇಳುವುದು ರೊಸಲಿನ್ ಪಾಯ್ಸಳ ಕೆಲಸವಾಗಿತ್ತು. 2015ರ ಏಪ್ರಿಲ್ ತಿಂಗಳು. ಮೇ ಏಳಕ್ಕೆ ಅಲ್ಲಿ ಚುನಾವಣೆ. ದುಬೈ, ಅಬುಧಾಬಿಯಲ್ಲಿ ನೆಲೆಸಿದ ಬ್ರಿಟಿಷರು ಏನು ಹೇಳುತ್ತಾರೆಂದು ಲಂಡನ್ನಿನ ಒಂದು ಸಂಸ್ಥೆಗೆ ತಿಳಿಯಬೇಕಿತ್ತು. ಆ ಸಮೀಕ್ಷೆ ಇವರ ಕಂಪೆನಿಗೆ ಸಿಕ್ಕಿತ್ತು. ಆರು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯ ತನಕ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ಪ್ರಧಾನಿ ಎಷ್ಟು ಸಮರ್ಥರು? ವಿರೋಧ ಪಕ್ಷದ ನಾಯಕರು? ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ದೇಶದ ಆರ್ಥಿಕತೆಯನ್ನು ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಕನ್ಸರ್ವೇಟಿವ್ ಪಕ್ಷವೋ, ಲೇಬರ್ ಪಕ್ಷವೋ?

ರೊಸಲಿನ್ ಕರಾವಳಿಯ ಶಿರ್ವದವಳು. ನಲವತ್ತೊಂದು ವರ್ಷ. ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ದಿನಕ್ಕೆ ಇಪ್ಪತ್ತು ಮಂದಿಯನ್ನು ಮಾತನಾಡಿಸಿ ಮುಗಿಸುತ್ತಿದ್ದಳು. ಪಕ್ಕದ ಕುರ್ಚಿಯ ಶೀನಪ್ಪ ಅವಳಿಗೆ ತೀರ ವಿರುದ್ಧ. ಕಟಪಾಡಿಯವರು, ಐವತ್ತಾರು ದಾಟಿತ್ತು. ಅವರ ಇಂಗ್ಲಿಷ್ ನಿಧಾನ, ಬೆರಳು ಇನ್ನೂ ನಿಧಾನ. ಯಾರಾದರೂ "ನನಗೆ ಗೊತ್ತಿಲ್ಲ" ಎಂದರೆ ಉಳಿದವರು ಒತ್ತಾಯಿಸಿ ಒಂದು ಅಂಕ ಹೊರಡಿಸುತ್ತಿದ್ದರು. ಶೀನಪ್ಪ ಮಾತ್ರ ಗೊತ್ತಿಲ್ಲ ಎಂದೇ ಬರೆದುಕೊಳ್ಳುತ್ತಿದ್ದರು.

"ಹೀಗಾದ್ರೆ ನಿಮ್ಮ ಲೆಕ್ಕ ಯಾವಾಗ ತುಂಬೋದು ಶೀನಪ್ಪಣ್ಣ?" ಎಂದು ರೊಸಲಿನ್ ನಗುತ್ತಿದ್ದಳು.

"ಗೊತ್ತಿಲ್ಲ ಅನ್ನೋದೂ ಒಂದು ಉತ್ತರವೇ ಅಲ್ವಾ ಬಾಯಿ. ಅವರ ಬಾಯಿಗೆ ನಾವು ಮಾತು ತುರುಕ್ಲಿಕ್ಕೆ ಆಗ್ತದಾ?" ಊರಿನಲ್ಲಿ ಕ್ರಿಸ್ತ ಹೆಂಗಸರನ್ನು ಕರೆಯುವ ಹಾಗೆ ಅವರು ಅವಳನ್ನು 'ಬಾಯಿ' ಎಂದೇ ಕರೆಯುತ್ತಿದ್ದರು.

ಏಪ್ರಿಲ್ ಕೊನೆಯ ಗುರುವಾರ. ಸಂಜೆ ಐದರೊಳಗೆ ಎಲ್ಲವನ್ನೂ ಲಂಡನ್ನಿಗೆ ಕಳಿಸಬೇಕಿತ್ತು. ಅರುವತ್ತು ದಾಟಿದ ಬ್ರಿಟಿಷರ ಪಟ್ಟಿಯಲ್ಲಿ ಇನ್ನೂ ಹದಿನೇಳು ಜನ ಬಾಕಿ. ಮ್ಯಾನೇಜರ್ ಯುಜಿನ್ ಎರಡು ಸಲ ಬಂದು ಹೇಳಿ ಹೋಗಿದ್ದ: "ರೊಸಲಿನ್, ಇದನ್ನು ನೀವೇ ಮುಗಿಸಬೇಕು. ಬೇರೆಯವರಿಂದ ಆಗೋದಿಲ್ಲ." ಅವತ್ತೇ ಐದೂವರೆಗೆ ಮಗಳು ತಾನ್ಯಾಳ ಶಾಲೆಯಲ್ಲಿ ಕಾರ್ಯಕ್ರಮ. ಹೋದ ಎರಡು ವರ್ಷವೂ ಹೋಗಲಾಗಿರಲಿಲ್ಲ. ಈ ಸಲ ಮಗಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು.

ಮಧ್ಯಾಹ್ನ ಅವಳ ಕಂಪ್ಯೂಟರ್ ಕೈಕೊಟ್ಟಿತು. ಶೀನಪ್ಪ ವೀಸಾ ನವೀಕರಣದ ರಕ್ತಪರೀಕ್ಷೆಗೆ ಹೊರಟು ನಿಂತಿದ್ದರು. "ನನ್ನದರಲ್ಲೇ ಕೂತ್ಕೊಳ್ಳಿ ಬಾಯಿ. ಮುಚ್ಚಿ ಮತ್ತೆ ತೆರೆಯೋದಕ್ಕೆ ಯಾಕೆ ಸುಮ್ಮನೆ ಹೊತ್ತು ಕಳೀಬೇಕು" ಎಂದು ಕುರ್ಚಿ ಬಿಟ್ಟುಕೊಟ್ಟು ಹೋದರು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡಕೂಡದೆಂಬ ನಿಯಮ ಇತ್ತು. ಎಲ್ಲರೂ ಮುರಿಯುತ್ತಿದ್ದ ನಿಯಮ.

ಮೊದಲು ಕರೆ ಹೋದದ್ದು ಅಬುಧಾಬಿಯಲ್ಲಿ ಮಗನ ಮನೆಯಲ್ಲಿದ್ದ ಮಿಸೆಸ್ ಹ್ಯೂಸ್ ಎಂಬ ವೇಲ್ಸ್‌ನ ಮುದುಕಿಗೆ. ನಿವೃತ್ತ ಟೀಚರ್. ರೊಸಲಿನ್ ಪ್ರಶ್ನೆ ಓದಿದಳು.

"ನನ್ನ ಅಪ್ಪ ಕಲ್ಲಿದ್ದಲಿನ ಗಣಿಯಲ್ಲಿದ್ದರು. ಗಣಿ ಮುಚ್ಚಿತು, ಊರೇ ಕೆಲಸವಿಲ್ಲದೆ ಕೂತಿತು. ಆಗಲೂ ಟಿವಿಯಲ್ಲಿ ಆರ್ಥಿಕತೆ ಸುಧಾರಿಸ್ತಾ ಇದೆ ಅಂತಲೇ ಹೇಳ್ತಿದ್ದರು" ಎಂದಳು ಮುದುಕಿ. "ಈಗ ನೀನು ಕೇಳಿದ ಕೂಡಲೇ ಏಳು, ಎಂಟು ಅಂತ ಹೇಳಿಬಿಡಲಿಕ್ಕೆ ನನಗೆ ಬರೋದಿಲ್ಲಮ್ಮ. ಯೋಚಿಸಬೇಕು. ಇಬ್ಬರ ಮಾತನ್ನೂ ಓದಬೇಕು. ನಾಳೆ ಫೋನ್ ಮಾಡ್ತೀಯಾ?"

"ಖಂಡಿತ ಮಾಡ್ತೇನೆ ಮೇಡಂ" ಎಂದಳು ರೊಸಲಿನ್. ನಾಳೆ ಶುಕ್ರವಾರ, ರಜೆ. ಅದಕ್ಕಿಂತ ಹೆಚ್ಚಾಗಿ, ನಾಳೆಗೆ ಈ ಪಟ್ಟಿಯೇ ಇರುವುದಿಲ್ಲ ಎಂದು ಗೊತ್ತಿದ್ದೂ ಹೇಳಿದಳು.

ಮತ್ತೆ ಐದು ಕರೆ. ಒಬ್ಬರೂ ಎತ್ತಲಿಲ್ಲ. ಗಡಿಯಾರ ಮೂರೂವರೆ ದಾಟಿತು. ರೊಸಲಿನ್ ಮಿಸೆಸ್ ಹ್ಯೂಸಳ ಹಾಳೆಯನ್ನು ಪರದೆಯ ಮೇಲೆ ತೆರೆದು ನೋಡಿದಳು. ಗಣಿಯವನ ಮಗಳು. ಲೇಬರ್ ಅಂತಲೇ ಹೇಳಿಯಾಳು. ಪ್ರಧಾನಿಗೆ ಮೂರು ಎಂದು ಒತ್ತಿದಳು. ಆಮೇಲೆ ಕೈ ತಾನಾಗಿಯೇ ಓಡಿತು. ಪಟ್ಟಿಯಲ್ಲಿ ಬ್ಯಾಂಕಿನಲ್ಲಿದ್ದವನು ಎಂದಿದ್ದರೆ ಪ್ರಧಾನಿಗೆ ಎಂಟು. ನರ್ಸ್ ಆಗಿದ್ದವಳು ಎಂದಿದ್ದರೆ ಲೆಸ್ಟರ್‌ನಲ್ಲಿ ನರ್ಸ್ ಆಗಿದ್ದ ತನ್ನ ತಂಗಿ ಡೆಬೊರಾ ಫೋನಿನಲ್ಲಿ ಗೊಣಗುವುದನ್ನು ನೆನೆದು ಎರಡು. ತೀರ ಒಂದೇ ಕಡೆ ವಾಲಿತು ಅನ್ನಿಸಿದಾಗ ಒಂದಿಬ್ಬರಿಂದ ಇಬ್ಬರು ನಾಯಕರಿಗೂ ಐದೈದು ಕೊಡಿಸಿದಳು. ಬ್ರಿಟನ್ನನ್ನು ಆಳಲು ಯಾರು ಯೋಗ್ಯರೆಂದು ದೇರಾದಲ್ಲಿ ಕೂತ ಶಿರ್ವದ ಹೆಂಗಸೊಬ್ಬಳು ಒಂದು ಗಂಟೆಯಲ್ಲಿ ಹದಿನೇಳು ಸಲ ತೀರ್ಮಾನಿಸಿದಳು. ಆವಾಗ ಅವಳಿಗೆ ಅಂಥ ಅಳುಕೇನೂ ಆಗಲಿಲ್ಲ ಎಂಬುದೇ ಆಮೇಲೆ ಅವಳನ್ನು ಹೆಚ್ಚು ಕಾಡಿದ ಸಂಗತಿ. ತಾನ್ಯಾಳ ಹಾಡು ಶುರುವಾಗುವ ಹೊತ್ತಿಗೆ ಅವಳು ಮೂರನೇ ಸಾಲಿನಲ್ಲಿ ಕುಳಿತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು.

ಚುನಾವಣೆ ಮುಗಿಯಿತು. ಯಾರಿಗೂ ಬಹುಮತ ಬರುವುದಿಲ್ಲ ಎಂದು ಸಮೀಕ್ಷೆಗಳೆಲ್ಲ ಸಾರಿದ್ದವು. ಕನ್ಸರ್ವೇಟಿವ್ ಪಕ್ಷ ಬಹುಮತವನ್ನೇ ಪಡೆಯಿತು. ಜನಮತ ಅಳೆಯುವವರಿಗೆಲ್ಲ ಮುಖಭಂಗವಾಯಿತು. ಇವರ ನಾಲ್ಕುನೂರು ಉತ್ತರಗಳಿಂದ ಅಲ್ಲಿ ಏನೂ ಏರುಪೇರಾಗಿರಲಿಲ್ಲ ನಿಜ. ಆದರೂ ಲಂಡನ್ನಿನವರು ತಮ್ಮ ಕೆಲಸವನ್ನೆಲ್ಲ ಮತ್ತೆ ಜಾಲಾಡತೊಡಗಿದರು. ದುಬೈಯ ಕರೆಗಳ ರೆಕಾರ್ಡಿಂಗ್ ಕೇಳಿದರು. ಹದಿನೇಳು ಹಾಳೆಗಳ ಉತ್ತರಗಳಿಗೆ ರೆಕಾರ್ಡಿಂಗೇ ಇಲ್ಲ. ಹದಿನೇಳೂ ಶೀನಪ್ಪನ ಹೆಸರಿನಲ್ಲಿ.

ಜೂನ್ ಮೊದಲ ವಾರ ಯುಜಿನ್ ಎಲ್ಲರನ್ನೂ ಕೋಣೆಗೆ ಕರೆದ. ಹಾಳೆಗಳನ್ನು ಮೇಜಿನ ಮೇಲಿಟ್ಟು ಕೇಳಿದ: "ಶೀನಪ್ಪ, ಆ ದಿನ ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಕೂತಿದ್ದರಾ?"

ಶೀನಪ್ಪ ಹಾಳೆಯ ಮೇಲಿನ ತಾರೀಕು ನೋಡಿದರು. ಆಮೇಲೆ ತಲೆಯೆತ್ತಿ ರೊಸಲಿನ್‌ಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಒಬ್ಬರು ಏಳಲಿ ಎಂದು ಇನ್ನೊಬ್ಬರು ದಾರಿ ಬಿಟ್ಟು ನಿಂತ ಹಾಗೆ, ಅವಳು ಮಾತನಾಡಲೆಂದು ಅವರು ಸುಮ್ಮನೆ ನಿಂತಿದ್ದರು. ರೊಸಲಿನ್ ಗೋಡೆಯ ಎಸಿಯನ್ನು ನೋಡಿದಳು. ಈಗ ಹೇಳುತ್ತೇನೆ, ಈಗ, ಎಂದುಕೊಳ್ಳುತ್ತಿರುವಾಗಲೇ ಯುಜಿನ್ ಹಾಳೆಗಳನ್ನು ಜೋಡಿಸಿ ಎತ್ತಿಕೊಂಡ.

"ಹಾಗಾದರೆ ಖಲಾಸ್" ಎಂದ. ಶೀನಪ್ಪನ ಕೆಲಸ ಅಲ್ಲಿಗೆ ಮುಗಿಯಿತು.

ಶೀನಪ್ಪನ ವೀಸಾ ಕಂಪೆನಿಯದ್ದು. ಕೆಲಸ ಹೋದರೆ ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು. ರೊಸಲಿನ್ ಇದ್ದದ್ದು ಗಂಡ ಫೆಲಿಕ್ಸನ ವೀಸಾದಲ್ಲಿ. ಬಾಯಿಬಿಟ್ಟಿದ್ದರೆ ಅವಳಿಗೆ ಹೋಗುತ್ತಿದ್ದದ್ದು ಒಂದು ಕೆಲಸ ಮಾತ್ರ. ಇದು ಅವಳಿಗೆ ಆ ಕೋಣೆಯಲ್ಲಿ ಕೂತಾಗಲೂ ಗೊತ್ತಿತ್ತು.

ನಾಲ್ಕು ದಿನ ಅವಳಿಗೆ ಊಟ ರುಚಿಸಲಿಲ್ಲ. ಶುಕ್ರವಾರ ಇಗರ್ಜಿಯಲ್ಲಿ ತಪ್ಪೊಪ್ಪಿಗೆಯ ಸಾಲಿನಲ್ಲಿ ನಿಂತವಳು ತನ್ನ ಸರದಿ ಬರುವ ಮೊದಲೇ ಸರಿದು ಹೊರಗೆ ಬಂದಳು. ಪಾದ್ರಿಗೆ ಹೇಳಿ ಹಗುರಾಗುವುದು ಕೂಡ ಕಳ್ಳತನವೇ ಅನ್ನಿಸಿತು. ಶನಿವಾರ ತಾನ್ಯಾ ಆ ಕಾರ್ಯಕ್ರಮದ ವಿಡಿಯೋ ನೋಡುತ್ತ ಕುಳಿತಿದ್ದಾಗ, ಮಗಳು ಬೆಚ್ಚಿಬೀಳುವಂತೆ "ಅದನ್ನು ಬಂದ್ ಮಾಡು!" ಎಂದು ಕಿರುಚಿದಳು.

ಭಾನುವಾರ ಬೆಳಿಗ್ಗೆ ಯುಜಿನ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ಆ ಹದಿನೇಳು ನಾನು ಮಾಡಿದ್ದು" ಎಂದಳು ಕೊಂಕಣಿಯಲ್ಲಿ.

ಯುಜಿನ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು" ಎಂದ.

"ಗೊತ್ತಾ?"

"ಲಂಡನ್ನಿನವರು ಮಿಸೆಸ್ ಹ್ಯೂಸಿಗೆ ಫೋನ್ ಮಾಡಿದ್ದರು. ಮಾತನಾಡಿದ್ದು ಒಬ್ಬಳು ಹೆಂಗಸು, ನಾಳೆ ಮಾಡ್ತೇನೆ ಅಂದಳು, ಮಾಡಲಿಲ್ಲ ಅಂತ ಹೇಳಿದಳಂತೆ. ಪುಸ್ತಕದಲ್ಲಿ ಎಲ್ಲ ಬರೆದಿಟ್ಟುಕೊಂಡು ಎರಡು ದಿನ ಫೋನಿನ ಹತ್ತಿರವೇ ಕೂತಿದ್ದಳಂತೆ." ಈಗ ಅವನು ಅವಳ ಕಡೆ ತಿರುಗಿದ. "ನಮ್ಮಲ್ಲಿ ಹೆಂಗಸರು ಇಬ್ಬರೇ. ಇನ್ನೊಬ್ಬಳು ಆವತ್ತು ರಜೆ. ನೋಡಿ ರೊಸಲಿನ್, ನಾನು ಅವರಿಗೆ ಒಂದು ಹೆಸರು ಕೊಡಬೇಕಿತ್ತು, ಹಾಳೆಯ ಮೇಲಿದ್ದ ಹೆಸರೇ ಅವರಿಗೆ ಸಾಕಾಯಿತು. ಶೀನಪ್ಪ ಹೇಗೂ ಇನ್ನೊಂದೆರಡು ವರ್ಷ ಇರೋ ಮನುಷ್ಯ. ನೀವು ಇಬ್ಬರ ಕೆಲಸ ಮಾಡ್ತೀರಿ. ಯಾರು ಸಮರ್ಥರು ಅಂತ ನಾನೂ ನೋಡಬೇಕಲ್ಲ? ಹೋಗಿ, ಕೆಲಸ ನೋಡಿ."

ಅವಳು ಹೊರಗೆ ಬಂದಳು. ತಾನು ಅಡಗಿಕೊಂಡಿದ್ದೇನೆ ಅಂದುಕೊಂಡಿದ್ದಳು, ಅಡಗಿಸಿದವನು ಬೇರೊಬ್ಬ. ತಪ್ಪು ತನ್ನದೆಂದು ಗೊತ್ತಿದ್ದೂ, ತಾನೇ ಯೋಗ್ಯಳೆಂದು ಅವನು ಆರಿಸಿ ಉಳಿಸಿಕೊಂಡಿದ್ದ.

ಆ ಸಂಜೆಯೇ ಶೀನಪ್ಪನ ಮನೆಗೆ ಹೋದಳು. ಆಫೀಸಿನಿಂದ ಎರಡು ಬೀದಿ ಆಚೆ, ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ. ಬಾಗಿಲು ತೆರೆದದ್ದು ಅವರ ಹೆಂಡತಿ ಜಲಜಾಕ್ಷಿ. ಕೋಣೆಯಲ್ಲಿ ಅರ್ಧ ತುಂಬಿದ ಎರಡು ರಟ್ಟಿನ ಪೆಟ್ಟಿಗೆಗಳು. ಶೀನಪ್ಪ ಮಂಚದ ತುದಿಯಲ್ಲಿ ಕೂತು ಯಾವುದೋ ಅರ್ಜಿ ತುಂಬುತ್ತಿದ್ದರು.

"ಶೀನಪ್ಪಣ್ಣ, ನೀವು ಆವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?" ನಿಂತಲ್ಲಿಂದಲೇ ಕೇಳಿದಳು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೀವು ಹೇಳ್ತೀರಿ ಅಂತ ಗ್ರಹಿಸಿದೆ ಬಾಯಿ. ಕುರ್ಚಿ ಬಿಟ್ಟುಕೊಟ್ಟದ್ದು ನಾನೇ ಅಲ್ವಾ, ಅದು ನನ್ನ ತಪ್ಪು. ಅದನ್ನು ನಾನು ಒಪ್ಕೊಳ್ತೇನೆ. ಮತ್ತಿನದ್ದು ನಿಮ್ಮದು. ಅದನ್ನು ನಾನು ಹೇಳಿದ್ರೆ ಚಾಡಿ ಆಗ್ತದೆ." ಅರ್ಜಿಯನ್ನು ಮಡಿಸುತ್ತ, "ಮರುದಿನವೂ ಕಾದೆ" ಎಂದರು.

ರೊಸಲಿನ್ ಕ್ಷಮೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಲಜಾಕ್ಷಿ ಅಡ್ಡ ಬಂದಳು. ಅವಳ ದನಿ ಏರಲಿಲ್ಲ; ಏರಿದ್ದರೆ ತಡೆದುಕೊಳ್ಳಬಹುದಿತ್ತು.

"ನನಗೆ ಅಷ್ಟೆಲ್ಲ ಓದು ಇಲ್ಲ. ಒಂದು ಮಾತು ಕೇಳ್ತೇನೆ. ಆ ದೇಶದ ದೊಡ್ಡವರು ಯೋಗ್ಯರಾ ಅಲ್ವಾ ಅಂತ ಹದಿನೇಳು ಸಲ ಹೇಳಿದ್ರಂತೆ ನೀವು. ಅವರನ್ನು ನೀವು ಕಂಡದ್ದುಂಟಾ? ಇವರ ಪಕ್ಕದಲ್ಲಿ ಏಳು ವರ್ಷ ಕೂತಿದ್ರಿ. ಇವರು ಎಂಥವರು ಅಂತ ಒಂದು ಸಲ ಹೇಳ್ಲಿಕ್ಕೆ ನಿಮಗೆ ನಾಲಿಗೆ ಬರ್ಲಿಲ್ವಾ?"

ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಅವಳು ಮೆಟ್ಟಿಲಿಳಿದು, ಮನೆಗೆ ಹೋಗುವ ಬದಲು ಆಫೀಸಿಗೆ ಮರಳಿದಳು. ತನ್ನ ಹೆಸರಿನಲ್ಲೇ ಕಂಪ್ಯೂಟರ್ ತೆರೆದು ಲಂಡನ್ನಿಗೆ ಬರೆಯತೊಡಗಿದಳು. ಯಾವ ದಿನ, ಎಷ್ಟು ಗಂಟೆಗೆ, ಯಾರ ಕುರ್ಚಿಯಲ್ಲಿ, ಯಾವ ಯಾವ ಹಾಳೆ. ಕಂಪ್ಯೂಟರ್ ಕೆಟ್ಟದ್ದನ್ನು ಬರೆದು ಅಳಿಸಿದಳು. ಮಗಳ ಕಾರ್ಯಕ್ರಮವನ್ನು ಬರೆದು ಅದನ್ನೂ ಅಳಿಸಿದಳು. ಕಾರಣಗಳನ್ನೆಲ್ಲ ತೆಗೆದ ಮೇಲೆ ಪತ್ರ ಒಂಬತ್ತು ಸಾಲಿನಷ್ಟಾಯಿತು. ಯುಜಿನ್‌ಗೂ ಉಳಿದ ಎಲ್ಲರಿಗೂ ಪ್ರತಿ ಹೋಗುವಂತೆ ವಿಳಾಸ ಸೇರಿಸಿ ಕಳಿಸಿದಳು. ಯುಜಿನ್‌ಗೆ ಮೊದಲೇ ಗೊತ್ತಿತ್ತೆಂಬುದನ್ನು ಬರೆಯಲಿಲ್ಲ. ಅದನ್ನು ಬರೆದರೆ ತನ್ನ ಹೊರೆ ಅಷ್ಟು ಕಡಿಮೆಯಾಗುತ್ತದೆ ಎನ್ನುವುದೇ ಅವಳಿಗೆ ಅಡ್ಡ ಬಂತು. ಹಾಗೆ ಬಿಟ್ಟದ್ದು ಸರಿಯೋ ತಪ್ಪೋ, ಆಮೇಲೂ ಅವಳಿಗೆ ತೀರ್ಮಾನವಾಗಲಿಲ್ಲ.

ಮರುದಿನ ಹತ್ತು ಗಂಟೆಯೊಳಗೆ ಅವಳ ಕೆಲಸ ಹೋಯಿತು. ಲಂಡನ್ನಿನಿಂದ ಶೀನಪ್ಪನಿಗೆ ಕ್ಷಮೆ ಕೋರಿದ ಪತ್ರ ಬಂತು. ಯುಜಿನ್ ತಾನೇ ಅದನ್ನು ಮನೆಗೆ ಮುಟ್ಟಿಸಬೇಕಾಯಿತು. ಕೆಲಸಕ್ಕೆ ಮರಳಿ ಕರೆದರೂ ಶೀನಪ್ಪ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಬಂದರು. ಮಾನಕ್ಕಾಗಿ ಕೆಲಸ ಬಿಡುವ ಅನುಕೂಲ ತಮಗಿಲ್ಲ ಎಂದು ಯಾರೊಡನೆಯೋ ಹೇಳಿದರಂತೆ.

ತಾನ್ಯಾಳಿಗೂ ಹೇಳಲೇಬೇಕಾಯಿತು. "ನೋ ಮಮ್ಮಾ, ಯೂ ಡಿಡ್ ಇಟ್ ಫಾರ್ ಮೀ?" ಎಂದು ಮಗಳು ಕಣ್ಣು ತುಂಬಿಕೊಂಡಳು. "ಇಲ್ಲ ಪುತಾ, ನಿನಗಾಗಿ ಅಲ್ಲ. ಅದು ನಾನು ಮಾಡಿದ್ದು, ಅಷ್ಟೇ" ಎಂದಳು ರೊಸಲಿನ್. ಮಗಳ ಹೆಗಲಿಗೆ ಅದನ್ನು ದಾಟಿಸದೆ ಇದ್ದದ್ದೊಂದೇ ಆ ಬೇಸಿಗೆಯಲ್ಲಿ ತಾನು ಮಾಡಿದ ನೇರ ಕೆಲಸ ಎಂದು ಅವಳಿಗೆ ಅನ್ನಿಸಿತು.

ಅಕ್ಟೋಬರಿನಲ್ಲಿ ಅವಳಿಗೆ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಒಂದು ಸಂಜೆ ಅಲ್ ಮುರಕ್ಕಬಾತ್‌ನ ತರಕಾರಿ ಅಂಗಡಿಯಲ್ಲಿ ಶೀನಪ್ಪ ದಂಪತಿ ಎದುರಾದರು. ಜಲಜಾಕ್ಷಿ ಬಸಳೆಯ ಕಟ್ಟನ್ನು ಎತ್ತಿಕೊಂಡು ಅಂಗಡಿಯ ಆ ತುದಿಗೆ ಹೋಗಿಬಿಟ್ಟಳು. ಶೀನಪ್ಪ ನಿಂತರು.

"ಮಗಳು ಹೇಗಿದ್ದಾಳೆ ಬಾಯಿ?"

"ಚೆನ್ನಾಗಿದ್ದಾಳೆ." ಅವಳು ಮುಂದಿನ ಮಾತಿಗೆ ತಡಕಾಡಿದಳು. "ನಿಮ್ಮ ಮನಸ್ಸಿನಲ್ಲಿ ಇನ್ನೂ ಸಿಟ್ಟು ಉಂಟಾ ಶೀನಪ್ಪಣ್ಣ?"

ಅವರು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು.

"ಉಂಟು" ಎಂದರು. "ಕಡಿಮೆ ಆಗ್ತಾ ಉಂಟು. ಪೂರಾ ಹೋದ ಮೇಲೆ ನಾನೇ ಫೋನ್ ಮಾಡ್ತೇನೆ."

ಹೆಂಡತಿ ಕರೆದಳು, ಅವರು ಹೋದರು. ರೊಸಲಿನ್ ಅಲ್ಲೇ ನಿಂತು ಏನು ಕೊಳ್ಳಲು ಬಂದಿದ್ದೆನೆಂದು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. ಆಮೇಲೆ ಅರ್ಧ ಕಿಲೋ ಬೆಂಡೆ ತೂಗಿಸಿಕೊಂಡು ಮನೆಗೆ ನಡೆದಳು.